ಬೆಲಂ ಗುಹೆಯ ಊರಿಗೆ ಒಂದು ರಾತ್ರಿ ಕೊಡಿ

ಗೆ,
ಆಂಧ್ರಪ್ರದೇಶದ ಪ್ರವಾಸೋದ್ಯಮ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,
ನಂದ್ಯಾಲ ಜಿಲ್ಲಾಡಳಿತಕ್ಕೆ,
ಜೊತೆಗೆ ಬೆಲಂ ನೋಡಲು ಹೊರಡುವ ಕನ್ನಡದ ಪ್ರವಾಸಿಗರಿಗೆ

ಮಾನ್ಯರೇ,

ಬೆಲಂ ಗುಹೆ ನೋಡಲು ಬಂದವರು ಆ ರಾತ್ರಿ ಅಲ್ಲೇ ಆಸುಪಾಸಿನ ಹಳ್ಳಿಯಲ್ಲಿ ಉಳಿಯುವಂತೆ ಮಾಡಿ. ನನ್ನ ಕೋರಿಕೆ ಇಷ್ಟೇ. ಎಷ್ಟು ಟಿಕೆಟ್ ಹೋಯಿತು ಅನ್ನುವ ಲೆಕ್ಕ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಬಂದವರಲ್ಲಿ ಎಷ್ಟು ಜನ ಗುಹೆ ಇರುವ ಕೊಲಿಮಿಗುಂಡ್ಲ ಮಂಡಲದಲ್ಲಿ ಒಂದು ರಾತ್ರಿ ಕಳೆದರು? ಗುಹೆಯಿಂದ ಊರಿಗೆ ಏನು ಸಿಕ್ಕಿತು ಅಂತ ತಿಳಿಯುವುದು ಈ ಎರಡನೇ ಲೆಕ್ಕದಿಂದ.

ನಾನು ಬಳ್ಳಾರಿಯವಳು. ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಪಕ್ಕದ ರಾಜ್ಯದವಳಿಗೆ ಇದರಲ್ಲೇನು ಕೆಲಸ ಅಂತ ನೀವು ಕೇಳಬಹುದು. ಗುಹೆಯ ಮುಂದೆ ಗಾಡಿ ನಿಲ್ಲಿಸುವ ಜಾಗಕ್ಕೆ ಒಂದು ಭಾನುವಾರ ಹೋಗಿ ನೋಡಿ. ಕೆಎ ಅಂತ ಶುರುವಾಗುವ ನಂಬರ್ ಪ್ಲೇಟುಗಳು ಸಾಲಾಗಿ ಕಾಣುತ್ತವೆ. ಬೆಂಗಳೂರಿನವರು ಅನಂತಪುರ, ತಾಡಿಪತ್ರಿ ದಾರಿಯಲ್ಲಿ ಬರುತ್ತಾರೆ. ನಾವು ಗುಂತಕಲ್ಲು, ಗುತ್ತಿ ದಾಟಿ ಬರುತ್ತೇವೆ. ಗುಹೆಯನ್ನು ಕೊರೆದದ್ದು ಚಿತ್ರಾವತಿಯ ನೀರು ಅಂತ ಅಲ್ಲಿನವರು ಹೇಳುತ್ತಾರೆ. ಆ ಚಿತ್ರಾವತಿ ಹುಟ್ಟುವುದು ನಮ್ಮ ಚಿಕ್ಕಬಳ್ಳಾಪುರದ ಕಡೆ. ಅದು ಹೋಗಿ ಸೇರುವ ಪೆನ್ನಾರ್ ಹುಟ್ಟುವುದೂ ನಂದಿ ಬೆಟ್ಟದ ಆಸುಪಾಸಿನಲ್ಲೇ. ಹಾಗಾಗಿ ಈ ಗುಹೆ ನಮಗೂ ಬೇಕಾದದ್ದು. ಪತ್ರ ಕನ್ನಡದಲ್ಲಿದೆ, ತೆಲುಗಿಗೆ ಮಾಡಿಸಿ ನಿಮಗೆ ಬೇರೆಯಾಗಿ ಕಳಿಸುತ್ತೇನೆ.

ಗುಹೆ ನೋಡದ ಓದುಗರಿಗಾಗಿ ಸ್ವಲ್ಪ ಹೇಳಲೇಬೇಕು. ಮೇಲೆ ನಿಂತರೆ ಏನೂ ಇಲ್ಲ. ಸಮತಟ್ಟಾದ ಬಯಲು, ಹೊಲ, ಬಿಸಿಲು. ಬಾವಿಯಂಥ ಕುಳಿಯೊಂದಕ್ಕೆ ಇಳಿಯುವ ಮೆಟ್ಟಿಲು. ಇಳಿದರೆ ಕೆಳಗೆ ಕಿಲೋಮೀಟರುಗಟ್ಟಲೆ ದಾರಿ. ಅಳತೆಯಾಗಿರುವ ಉದ್ದ 3,229 ಮೀಟರ್. ಮೇಘಾಲಯದಲ್ಲಿ ಇದಕ್ಕಿಂತ ಉದ್ದದ ಗುಹೆಗಳಿವೆ. ಆದರೆ ಭಾರತದ ಬಯಲು ಸೀಮೆಯಲ್ಲಿ ಇಷ್ಟು ಉದ್ದದ ಇನ್ನೊಂದು ಗುಹೆ ಇಲ್ಲ. ಪ್ರವಾಸಿಗರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್. ಎಲ್ಲಕ್ಕಿಂತ ಆಳದ ಜಾಗ ಪಾತಾಳಗಂಗೆ. ನೆಲಮಟ್ಟದಿಂದ 46 ಮೀಟರ್ ಕೆಳಗೆ ಸಣ್ಣ ನೀರಿನ ಹರಿವು ಕಾಣಿಸಿಕೊಂಡು ಬಂಡೆಯೊಳಗೆ ಮಾಯವಾಗುತ್ತದೆ.

1884ರಲ್ಲಿ ಈ ಗುಹೆಯನ್ನು ಬರಹದಲ್ಲಿ ದಾಖಲಿಸಿದವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲು ಬೆಟ್ಟಗಳಲ್ಲಿ ಆದಿಮಾನವರ ಕುರುಹು ಹುಡುಕಿದ್ದೂ ಇದೇ ಫೂಟ್. ಆಮೇಲೆ ಸುಮಾರು ನೂರು ವರ್ಷ ಗುಹೆಯನ್ನು ಯಾರೂ ಸರಿಯಾಗಿ ಅಳೆಯಲಿಲ್ಲ. 1982 ಮತ್ತು 1983ರಲ್ಲಿ ಜರ್ಮನಿಯ ಡೇನಿಯಲ್ ಗೆಬಾವರ್ ತಂಡ ಬಂದು ಒಳಗಿನ ನಕ್ಷೆ ಮಾಡಿತು. ಒಳಗಿನ ಒಂದು ಸಭಾಂಗಣಕ್ಕೆ ಈಗಲೂ ಅವರ ಹೆಸರಿದೆ. ಆ ಹೊತ್ತಿಗೆ ಇದು ಸುತ್ತಲಿನವರು ಕಸ ಸುರಿಯುವ ಜಾಗವಾಗಿತ್ತು. ಬೇಡವೇ ಬೇಡ ಅಂತ ಹಟ ಹಿಡಿದು ಗುಹೆಯನ್ನು ಉಳಿಸಿಕೊಂಡವರು ಬೆಲಂ ಊರಿನವರೇ. ಅವರ ಓಡಾಟದಿಂದ 1988ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಜಾಗ ಅಂತ ಘೋಷಿಸಿತು. 1999ರಲ್ಲಿ ಪ್ರವಾಸೋದ್ಯಮ ನಿಗಮ ಕೆಲಸ ಕೈಗೆತ್ತಿಕೊಂಡು ಹೂಳು ತೆಗೆಸಿತು, ದಾರಿ ಮಾಡಿಸಿತು, ದೀಪ ಹಾಕಿಸಿತು, ಒಳಗೆ ಗಾಳಿ ಊದುವ ಯಂತ್ರಗಳನ್ನು ಕೂರಿಸಿತು. 2002ರಲ್ಲಿ ಬಾಗಿಲು ತೆರೆಯಿತು. ಅಷ್ಟು ಕಸ, ಅಷ್ಟು ಮಣ್ಣು ಹೊರಗೆ ಹಾಕಿ ಈ ಸ್ಥಿತಿಗೆ ತಂದದ್ದು ಸಣ್ಣ ಕೆಲಸವಲ್ಲ. ಅದಕ್ಕೆ ಮೊದಲು ನನ್ನ ನಮಸ್ಕಾರ.

ಈಗ ಪ್ರವಾಸಿಯ ಒಂದು ದಿನ ಹೇಗಿರುತ್ತದೆ ನೋಡಿ. ಬೆಳಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಬರುತ್ತಾರೆ. ಹೊರಗಿನ ನಲವತ್ತು ಅಡಿ ಬುದ್ಧನ ಮುಂದೆ ಫೋಟೊ ತೆಗೆದುಕೊಳ್ಳುತ್ತಾರೆ. ಒಳಗೆ ಹೋಗಿ ಒಂದೂವರೆ ಗಂಟೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾರೆ. ನೀರಿನ ಬಾಟಲಿ, ಸೋಡಾ, ಒಂದು ಪೊಟ್ಟಣ ಚಿಪ್ಸ್. ಅಲ್ಲಿಗೆ ಮುಗಿಯಿತು. ಸಂಜೆಗೆ ಗಂಡಿಕೋಟೆಯ ಟೆಂಟಿಗೋ ತಾಡಿಪತ್ರಿಯ ಲಾಡ್ಜಿಗೋ ಹೋಗುತ್ತಾರೆ. ಊಟ ಅಲ್ಲಿ, ಬಾಡಿಗೆ ಅಲ್ಲಿ, ಬೆಳಗಿನ ತಿಂಡಿಯೂ ಅಲ್ಲೇ. ಗುಹೆಯನ್ನು ಕಸದಿಂದ ಉಳಿಸಿಕೊಂಡ ಊರಿಗೆ ಬಂದದ್ದು ಸೋಡಾದ ಲಾಭ ಮಾತ್ರ. ಇದು ನ್ಯಾಯ ಅಲ್ಲ ಅಲ್ವಾ?

ಕೊಲಿಮಿಗುಂಡ್ಲದ ಸುತ್ತ ಹೋದರೆ ಕಾಣುವುದು ಸುಣ್ಣದ ಕಲ್ಲು. ಭೂವಿಜ್ಞಾನದವರು ಇದನ್ನು ನಾರ್ಜಿ ಸುಣ್ಣದ ಕಲ್ಲು ಅನ್ನುತ್ತಾರೆ. ಕೋಟ್ಯಂತರ ವರ್ಷ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಪದರ ಸಲೀಸಾಗಿ ಬಿಡುವುದರಿಂದ ಚಪ್ಪಡಿ ಮಾಡುತ್ತಾರೆ. ಕರ್ನಾಟಕದ ಎಷ್ಟೋ ಅಡುಗೆಮನೆಗಳ ಕಟ್ಟೆಯ ಮೇಲಿರುವ ಕಡಪ ಕಲ್ಲು ಈ ಸೀಮೆಯದು. ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಕಲ್ಲು ಬೇಕು. ಆ ಕೆಲಸ ನಂಬಿಕೊಂಡ ಸಾವಿರಾರು ಮನೆಗಳಿವೆ. ಅದನ್ನು ಹಗುರವಾಗಿ ಮಾತಾಡುವಂತಿಲ್ಲ. ಆದರೆ ಕಲ್ಲು ಒಂದು ಸಲ ಮಾರಿದರೆ ಮುಗಿಯಿತು, ಅದೇ ಜಾಗದಿಂದ ಎರಡನೇ ಸಲ ದುಡ್ಡು ಹುಟ್ಟುವುದಿಲ್ಲ. ಇಷ್ಟೊಂದು ಸುಣ್ಣದ ಕಲ್ಲಿನ ನಡುವೆ ನೀರು ಸಾವಿರಾರು ವರ್ಷ ಕೂತು ಕೊರೆದ ಈ ಮೂರು ಕಿಲೋಮೀಟರ್ ಮಾತ್ರ ಹಾಗಲ್ಲ. ಅದನ್ನು ತೋರಿಸಿಯೇ ಮಕ್ಕಳು, ಮೊಮ್ಮಕ್ಕಳು ಬದುಕಬಹುದು. ಸ್ಲೊವೇನಿಯಾದ ಪೋಸ್ಟೊಯ್ನಾ ಗುಹೆ 1819ರಿಂದ ಪ್ರವಾಸಿಗರನ್ನು ಕರೆಯುತ್ತಿದೆ. 1872ರಲ್ಲೇ ಒಳಗೆ ಪುಟ್ಟ ರೈಲು ಹಾಕಿದರು, 1884ರಲ್ಲಿ ವಿದ್ಯುತ್ ದೀಪ ತಂದರು. ಎರಡು ನೂರು ವರ್ಷದ ಮೇಲೂ ಆ ಊರು ಗುಹೆಯಿಂದ ದುಡಿಯುತ್ತಿದೆ. ನೋಡಿ, ಫೂಟ್ ಬೆಲಂ ಬಗ್ಗೆ ಬರೆದ ವರ್ಷವೇ ಅಲ್ಲಿ ಬಲ್ಬು ಉರಿಯುತ್ತಿತ್ತು.

ಹಾಗಾದರೆ ಜನ ಒಂದು ರಾತ್ರಿ ನಿಲ್ಲಬೇಕಾದರೆ ಏನು ಮಾಡಬೇಕು? ದೊಡ್ಡ ಹೋಟೆಲು ಕಟ್ಟುವುದು ಅಂತ ಯಾರಾದರೂ ಹೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲು ಬೇಕಾದದ್ದು ಗೈಡುಗಳು.

ಗುಹೆ ತನ್ನಷ್ಟಕ್ಕೆ ಏನೂ ಹೇಳುವುದಿಲ್ಲ. ಹೇಳುವವರು ಜೊತೆಗಿಲ್ಲದಿದ್ದರೆ ಅದು ಕತ್ತಲು, ಕಲ್ಲು, ಸೆಕೆ. ಜನ ಬಣ್ಣದ ದೀಪದ ಕೆಳಗೆ ನಿಂತು ಫೋಟೊ ತೆಗೆದು ಹೊರಟುಬಿಡುತ್ತಾರೆ. ಗೊತ್ತಿರುವವರು ಜೊತೆಗಿದ್ದರೆ ಅದೇ ಒಂದೂವರೆ ಕಿಲೋಮೀಟರಿಗೆ ಮೂರು ಗಂಟೆ ಸಾಲದು. ಗೋಡೆಯ ಮೇಲೆ ನೀರು ಹರಿದ ಗುರುತು ಯಾವ ದಿಕ್ಕಿಗಿದೆ, ನೀರಿನ ಮಟ್ಟ ಎಲ್ಲಿಗೆ ಇಳಿಯಿತು, ಈ ಗುಂಡಿ ಯಾಕೆ ಇಷ್ಟು ನುಣುಪು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಿರುಕಲ್ಲಿ ಇಳಿದು ಸುಣ್ಣವನ್ನು ಕರಗಿಸುತ್ತದೆ. ಗುಹೆಯ ಚಾವಣಿಗೆ ಬಂದು ತೊಟ್ಟಿಕ್ಕುವಾಗ ಅನಿಲ ಬಿಟ್ಟುಕೊಡುತ್ತದೆ, ಹೊತ್ತು ತಂದ ಸುಣ್ಣ ಅಲ್ಲೇ ಕೂರುತ್ತದೆ. ಇಳಿಬಿದ್ದ ಆ ಕಡ್ಡಿಗಳಿಗೆ ಪುಸ್ತಕದಲ್ಲಿ ಸ್ಟ್ಯಾಲಕ್ಟೈಟ್ ಅನ್ನುತ್ತಾರೆ. ಹತ್ತು ಸೆಂಟಿಮೀಟರ್ ಬೆಳೆಯಲು ಸುಮಾರು ಸಾವಿರ ವರ್ಷ ಬೇಕಾಗಬಹುದು. ಕೋಟಿಲಿಂಗದ ಕೋಣೆಯಲ್ಲಿ ನಿಂತು ಇದನ್ನು ಹೇಳಿದರೆ ಹತ್ತು ವರ್ಷದ ಮಗು ಕೂಡ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ನಾನು ಕರೆದುಕೊಂಡು ಹೋದ ಮಕ್ಕಳಲ್ಲಿ ಇದನ್ನು ನೋಡಿದ್ದೇನೆ. ಮುಟ್ಟಬೇಡಿ ಅಂತ ಬೋರ್ಡು ಹಾಕಿದರೆ ಹೀಗಾಗುವುದಿಲ್ಲ.

ಅಂಥ ಗೈಡುಗಳು ಊರಿನವರೇ ಆಗಬೇಕು. ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗೆ 1838ರಲ್ಲಿ ಗೈಡಾಗಿ ಬಂದ ಸ್ಟೀಫನ್ ಬಿಷಪ್ ಒಬ್ಬ ಗುಲಾಮ. ಅವನು ದಾರಿ ತೋರಿಸುವುದಷ್ಟೇ ಮಾಡಲಿಲ್ಲ. ಯಾರೂ ಕಾಲಿಡದ ಭಾಗಗಳಿಗೆ ಹೋದ, ನೆನಪಿನಿಂದಲೇ ನಕ್ಷೆ ಬರೆದ. ವಿಯೆಟ್ನಾಮಿನ ಸೊನ್ ದೂಂಗ್ ಜಗತ್ತಿನ ಅತಿ ದೊಡ್ಡ ಗುಹೆಗಳಲ್ಲಿ ಒಂದು. ಅದರ ಬಾಯಿ ಕಂಡುಹಿಡಿದವರು ಅದೇ ಊರಿನ ಹೋ ಖಾನ್, ಕಾಡಿನಲ್ಲಿ ಅಲೆದು ಹೊಟ್ಟೆ ಹೊರೆಯುತ್ತಿದ್ದವರು. 2009ರಲ್ಲಿ ಬ್ರಿಟಿಷ್ ತಂಡವನ್ನು ಅಲ್ಲಿಗೆ ಕರೆದುಕೊಂಡು ಹೋದವರೂ ಅವರೇ. ಈಗ ವರ್ಷಕ್ಕೆ ಸುಮಾರು ಸಾವಿರ ಜನರನ್ನು ಮಾತ್ರ ಒಳಗೆ ಬಿಡುತ್ತಾರೆ. ಜನ ಕಡಿಮೆ, ದರ ಜಾಸ್ತಿ. ಸಾಮಾನು ಹೊರುವವರು, ಅಡುಗೆಯವರು, ದಾರಿ ತೋರುವವರು ಎಲ್ಲ ಸುತ್ತಲಿನ ಹಳ್ಳಿಗಳವರು. ಮೊದಲು ಕಾಡಿನ ಮರ ಕಡಿದು ಬದುಕುತ್ತಿದ್ದ ಎಷ್ಟೋ ಜನ ಈಗ ಈ ಕೆಲಸದಲ್ಲಿದ್ದಾರೆ.

ನನಗೆ ಜಾಸ್ತಿ ಇಷ್ಟವಾದ ಉದಾಹರಣೆ ನ್ಯೂಜಿಲೆಂಡಿನ ವೈಟೊಮೊ ಗುಹೆ. 1887ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮುಖಂಡ ತಾನೆ ತಿನೊರೌ ಮತ್ತು ಫ್ರೆಡ್ ಮೇಸ್ ಅನ್ನುವ ಇಂಗ್ಲಿಷ್ ಸರ್ವೆಯರ್ ತೆಪ್ಪದಲ್ಲಿ ಒಳಗೆ ಹೋದರು. ಎರಡು ವರ್ಷದಲ್ಲಿ ತಾನೆ ತಿನೊರೌ ತಾನೇ ಜನರನ್ನು ಕರೆದುಕೊಂಡು ಹೋಗಲು ಶುರು ಮಾಡಿದರು. 1906ರಲ್ಲಿ ಸರ್ಕಾರ ಗುಹೆಯನ್ನು ತೆಗೆದುಕೊಂಡಿತು. 1989ರಲ್ಲಿ ಮತ್ತೆ ಅವರ ವಂಶದವರಿಗೆ ಮರಳಿಸಿತು. ಈಗ ಆದಾಯದಲ್ಲಿ ಪಾಲು ಅವರಿಗೆ ಬರುತ್ತದೆ, ಅಲ್ಲಿ ಕೆಲಸ ಮಾಡುವವರಲ್ಲಿ ಬಹಳ ಜನ ಅದೇ ಮನೆತನಗಳವರು. ಬೆಲಂ ಗ್ರಾಮ ಪಂಚಾಯ್ತಿಗೆ ಪ್ರತಿ ಟಿಕೆಟ್ಟಿನಲ್ಲಿ ಒಂದು ಪಾಲು ಅಂತ ಬರೆದುಕೊಡಿ. ಪಾಲು ಎಷ್ಟು ಅನ್ನುವುದನ್ನು ಕೂತು ಮಾತಾಡಬಹುದು. ಆದರೆ ಅದು ದಯೆಯಿಂದ ಕೊಟ್ಟದ್ದು ಅಂತ ಆಗಬಾರದು, ಹಕ್ಕು ಅಂತ ಆಗಬೇಕು.

ಬೊರ್ರಾ ಗುಹೆಗಳ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮದೇ ರಾಜ್ಯದ ಅನಂತಗಿರಿ ಬೆಟ್ಟಗಳಲ್ಲಿ, ಗೋಸ್ತನಿ ನದಿ ಕೊರೆದದ್ದು. ಅದೇ ಬೊರ್ರಾ ಸುತ್ತಲಿನ ಹಳ್ಳಿಗಳ ಗಣಿ ಗುತ್ತಿಗೆಯ ಜಗಳವೇ ಸುಪ್ರೀಂ ಕೋರ್ಟಿಗೆ ಹೋಗಿ 1997ರ ಸಮತಾ ತೀರ್ಪು ಬಂತು. ಬುಡಕಟ್ಟು ಜನರ ಪ್ರದೇಶದ ಸರ್ಕಾರಿ ಜಮೀನನ್ನೂ ಖಾಸಗಿ ಗಣಿಯವರಿಗೆ ಕೊಡುವಂತಿಲ್ಲ ಅಂತ ಕೋರ್ಟು ಹೇಳಿತು. ಬೊರ್ರಾಕ್ಕೆ ಇನ್ನೊಂದು ಅನುಕೂಲ ಇದೆ. ವಿಶಾಖಪಟ್ಟಣದಿಂದ ರೈಲು ಸುರಂಗಗಳನ್ನು ದಾಟಿ ಗುಹೆಯ ಹತ್ತಿರದ ಸ್ಟೇಷನ್ನಿಗೇ ಬರುತ್ತದೆ, ಮುಂದೆ ಅರಕು. ಗುಹೆ, ರೈಲು, ಕಾಫಿ ತೋಟ, ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಕೋಳಿ. ಒಂದಕ್ಕೊಂದು ಕೈ ಹಿಡಿದುಕೊಂಡಿರುವುದರಿಂದ ಜನ ಎರಡು ದಿನದ ಲೆಕ್ಕ ಹಾಕಿಕೊಂಡೇ ಹೊರಡುತ್ತಾರೆ.

ಬೆಲಂ ಸುತ್ತಲೂ ಏನೂ ಕಡಿಮೆ ಇಲ್ಲ. ಗಂಡಿಕೋಟೆಯಲ್ಲಿ ಪೆನ್ನಾರ್ ನದಿ ಬಂಡೆ ಸೀಳಿದ ಕಣಿವೆ. ತಾಡಿಪತ್ರಿಯಲ್ಲಿ ವಿಜಯನಗರ ಕಾಲದ ಎರಡು ದೇವಸ್ಥಾನಗಳು, ಬುಗ್ಗ ರಾಮಲಿಂಗೇಶ್ವರ ಮತ್ತು ಚಿಂತಲ ವೆಂಕಟರಮಣ. ಅಲ್ಲಿನ ಕೆತ್ತನೆ ನೋಡಿದರೆ ಹಂಪಿ ನೋಡಿದವರೂ ನಿಂತುಬಿಡುತ್ತಾರೆ. ಯಾಗಂಟಿಯ ದೇವಸ್ಥಾನವೂ ದೂರವಲ್ಲ. 2024ರ ಕೊನೆಯಲ್ಲಿ ಕೇಂದ್ರ ಸರ್ಕಾರ ಗಂಡಿಕೋಟೆಗೆ ಸುಮಾರು 78 ಕೋಟಿ ರೂಪಾಯಿ ಮಂಜೂರು ಮಾಡಿದೆ. ಒಳ್ಳೆಯದೇ ಆಯಿತು. ಆದರೆ ಹುಷಾರಾಗಿರದಿದ್ದರೆ ಬೆಲಂ ಇನ್ನೂ ಸಣ್ಣದಾಗುತ್ತದೆ. ಗಂಡಿಕೋಟೆಯಲ್ಲಿ ಉಳಿದವರು ಮಧ್ಯಾಹ್ನ ಒಂದು ಸುತ್ತು ಹೊಡೆದು ವಾಪಸ್ ಹೋಗುವ ಜಾಗ ಅಂತ ಆಗಿಬಿಡುತ್ತದೆ. ಹಂಪಿಯಿಂದ ಬಳ್ಳಾರಿ, ತಾಡಿಪತ್ರಿ, ಬೆಲಂ, ಗಂಡಿಕೋಟೆ ಅಂತ ಮೂರು ದಿನದ ದಾರಿಯನ್ನು ಎರಡೂ ರಾಜ್ಯದವರು ಸೇರಿ ಮಾಡಬಾರದೇಕೆ? ಎರಡನೇ ರಾತ್ರಿ ಬೆಲಂನಲ್ಲಿ ಬರುವಂತೆ ಬಸ್ಸಿನ ಸಮಯ ಇಟ್ಟರೆ ಅರ್ಧ ಕೆಲಸ ಆಯಿತು.

ರಾತ್ರಿ ಉಳಿದವರಿಗೆ ಮರುದಿನ ಬೆಳಗ್ಗೆ ಬೇರೆ ಏನಾದರೂ ಸಿಗಬೇಕು. ಅದೂ ಗುಹೆಯಲ್ಲೇ ಇದೆ. ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಇನ್ನೂ ದೀಪ ಹಾಕಿಲ್ಲ, ದಾರಿ ಮಾಡಿಲ್ಲ. ದಯವಿಟ್ಟು ಹಾಗೇ ಬಿಡಿ. ಅಲ್ಲಿಗೆ ಸಿಮೆಂಟು ಮೆಟ್ಟಿಲು ಬೇಡ, ಬಣ್ಣದ ಬಲ್ಬು ಬೇಡ. ಗುಹೆಯಲ್ಲಿ ಓಡಾಡಿ ಬಲ್ಲವರಿಂದ ಮೊದಲು ಚಾವಣಿ, ಗಾಳಿ, ನೀರು ಎಲ್ಲ ಪರೀಕ್ಷೆ ಮಾಡಿಸಿ. ಅಪಾಯ ಇಲ್ಲ ಅಂತ ಆದ ಭಾಗಕ್ಕೆ ದಿನಕ್ಕೆ ಒಂದೋ ಎರಡೋ ಸಣ್ಣ ಗುಂಪು. ತಲೆಗೆ ಹೆಲ್ಮೆಟ್, ಹೆಲ್ಮೆಟ್ಟಿಗೆ ಲೈಟು, ಜೊತೆಗೆ ತರಬೇತಿ ಪಡೆದ ಊರಿನ ಇಬ್ಬರು. ಬೆಳಗ್ಗೆ ಆರಕ್ಕೆ ಹೊರಡುವುದು. ದರ ಹತ್ತು ಪಟ್ಟು ಇಡಿ, ಬರುವವರು ಬರುತ್ತಾರೆ. ಆರಕ್ಕೆ ಹೊರಡಬೇಕಾದವರು ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಮಲಗಲು ಆಗುವುದಿಲ್ಲ. ಬೆಲಂನಲ್ಲೇ ಮಲಗುತ್ತಾರೆ. ಯಾರದೋ ಮನೆಯ ಹೊರಕೋಣೆಯಲ್ಲಿ, ಅವರ ಜೋಳದ ರೊಟ್ಟಿ, ಸಂಗಟಿ ಉಂಡು. ಬಂದ ಮೇಲೆ ಉಗ್ಗಾಣಿ ಬಜ್ಜಿ ತಿಂದು ಹೊರಡುತ್ತಾರೆ. ನಮ್ಮ ಬಳ್ಳಾರಿಯವರಿಗೆ ಉಗ್ಗಾಣಿಗಾಗಿ ನಿಲ್ಲಿ ಅಂತ ಎರಡು ಸಲ ಹೇಳಬೇಕಿಲ್ಲ.

ಇನ್ನು ಗುಹೆಯ ಆರೋಗ್ಯ. ಇದನ್ನು ಪ್ರವಾಸೋದ್ಯಮದ ಪತ್ರದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಗುಹೆ ಹಾಳಾದರೆ ಮೇಲಿನ ಯಾವ ಮಾತಿಗೂ ಅರ್ಥವಿಲ್ಲ. ಆದಿಮಾನವರ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು. ಕೆಲವೇ ವರ್ಷದಲ್ಲಿ ದಿನಕ್ಕೆ ಸಾವಿರದ ಇನ್ನೂರು ಜನ ಬರತೊಡಗಿದರು. ಅಷ್ಟು ಜನರ ಉಸಿರು, ಬೆವರಿನ ತೇವ, ದೀಪದ ಬೆಳಕು ಸೇರಿ ಗೋಡೆಯ ಮೇಲೆ ಪಾಚಿ ಬೆಳೆಯಿತು. ಸಾವಿರಾರು ವರ್ಷ ಕೆಡದ ಚಿತ್ರಗಳು ಹದಿನೈದು ವರ್ಷದಲ್ಲಿ ಕೆಡಲು ಶುರುವಾದವು. 1963ರಲ್ಲಿ ಬಾಗಿಲು ಹಾಕಿದರು, ಮತ್ತೆ ಜನರಿಗೆ ತೆರೆಯಲಿಲ್ಲ. ಈಗ ಜನ ನೋಡುವುದು ಪಕ್ಕದಲ್ಲಿ ಕಟ್ಟಿದ ನಕಲು ಗುಹೆಯನ್ನು.

ಬೆಲಂನಲ್ಲಿ ಅಂಥ ಚಿತ್ರಗಳಿಲ್ಲ ನಿಜ. ಆದರೆ ಗಾಳಿಯ ಸಮಸ್ಯೆ ಇಲ್ಲಿ ಜಾಸ್ತಿ. ಒಳಗೆ ತಂಪಿರುತ್ತದೆ ಅಂದುಕೊಂಡು ಹೋದವರಿಗೆ ಸೆಕೆ ಹೊಡೆಯುತ್ತದೆ. ಒಳಕ್ಕೆ ಹೋದಂತೆ ಗಾಳಿ ಸರಿಯಾಗಿ ಆಡುವುದಿಲ್ಲ, ಅದಕ್ಕೇ ಯಂತ್ರದಿಂದ ಊದಬೇಕಾಗಿದೆ. ಒಬ್ಬ ಮನುಷ್ಯ ಸುಮ್ನೆ ನಿಂತರೂ ಮೈಯಿಂದ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. ಮೆಟ್ಟಿಲು ಹತ್ತಿ ಇಳಿಯುವಾಗ ಇನ್ನೂ ಜಾಸ್ತಿ. ಹಬ್ಬದ ರಜೆಯಲ್ಲಿ ಒಂದೇ ಹೊತ್ತಿಗೆ ನೂರಾರು ಜನ ಇಳಿದರೆ ವಯಸ್ಸಾದವರಿಗೆ, ಉಬ್ಬಸ ಇರುವವರಿಗೆ ಅಪಾಯ. ವೈಟೊಮೊದಲ್ಲಿ ಗುಹೆಯ ಗಾಳಿಯನ್ನು ಸದಾ ಅಳೆಯುತ್ತಾರೆ. ಇಂಗಾಲದ ಡೈಆಕ್ಸೈಡ್ ಗೊತ್ತುಮಾಡಿದ ಮಿತಿ ಮುಟ್ಟಿದರೆ ಜನರನ್ನು ಬಿಡುವುದನ್ನು ನಿಲ್ಲಿಸುತ್ತಾರೆ. ಬೆಲಂನಲ್ಲೂ ಅಂಥ ಮೀಟರುಗಳನ್ನು ಹಾಕಿಸಿ, ಅವು ತೋರಿಸುವ ಅಂಕಿಯನ್ನು ಟಿಕೆಟ್ ಕೌಂಟರಿನ ಮೇಲೇ ದೊಡ್ಡದಾಗಿ ಕಾಣುವಂತೆ ಇಡಿ. ಈಗ ಒಳಗೆ ಜನ ಜಾಸ್ತಿ, ಅರ್ಧ ಗಂಟೆ ಕಾಯಿರಿ ಅಂದರೆ ಕಾರಣ ಎಲ್ಲರಿಗೂ ಕಾಣುತ್ತದೆ, ಜಗಳ ಇರುವುದಿಲ್ಲ. ಕಾಯುವ ಅರ್ಧ ಗಂಟೆ ಊರಿನ ಅಂಗಡಿಗಳಿಗೆ ಲಾಭ.

ದೀಪದ ಮಾತೂ ಇದೇ. ದೀಪ ಬಿದ್ದ ಕಡೆ ಗೋಡೆಯಲ್ಲಿ ಹಸಿರು ಪಾಚಿ ಬರುತ್ತದೆ. ಜಗತ್ತಿನ ಎಲ್ಲ ಪ್ರವಾಸಿ ಗುಹೆಗಳಿಗೂ ಈ ಕಾಟ ಇದೆ. ಶಾಖ ಕಡಿಮೆ ಇರುವ ಎಲ್‌ಇಡಿ, ಗುಂಪು ಬಂದಾಗ ಹತ್ತಿಕೊಂಡು ಹೋದ ಮೇಲೆ ಆರುವ ಸ್ವಿಚ್ಚು. ಇಷ್ಟರಿಂದ ಪಾಚಿ ಕಡಿಮೆಯಾಗುತ್ತದೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಕೆಂಪು, ನೀಲಿ, ಹಸಿರು ದೀಪಗಳ ಬಗ್ಗೆ ನನ್ನ ಸ್ವಂತ ಅಭಿಪ್ರಾಯ ಹೇಳುತ್ತೇನೆ: ತೆಗೆಸಿಬಿಡಿ. ಆ ಕಲ್ಲಿಗೆ ಅದರದೇ ಬಣ್ಣ ಇದೆ. ಬೂದು, ಕಂದು, ಅಲ್ಲಲ್ಲಿ ಬಿಳಿ. ಅದನ್ನು ನೋಡಲು ತಾನೇ ನಾವು ಅಷ್ಟು ದೂರದಿಂದ ಬರುವುದು?

ಸಪ್ತಸ್ವರ ಗುಹೆಯಲ್ಲಿ ಇಳಿಬಿದ್ದ ಕಲ್ಲುಗಳನ್ನು ಬಡಿದರೆ ನಾದ ಬರುತ್ತದೆ. ಎಲ್ಲರಿಗೂ ಒಂದೊಂದು ಸಲ ಬಡಿದು ನೋಡುವ ಆಸೆ. ಬೆರಳಿನಿಂದ ಶುರುವಾಗಿ ಕೋಲಿಗೆ ಬರುತ್ತದೆ. ವರ್ಷಪೂರ್ತಿ ಬಂದವರೆಲ್ಲ ಬಡಿದರೆ ಯಾವ ಕಲ್ಲು ತಾಳುತ್ತದೆ? ಒಂದು ಸಲ ಚೆನ್ನಾಗಿ ರೆಕಾರ್ಡ್ ಮಾಡಿಸಿ, ಅಲ್ಲೇ ಸಣ್ಣ ಸ್ಪೀಕರಿನಲ್ಲಿ ಕೇಳಿಸಿ. ಬಡಿಯುವುದನ್ನು ಪೂರ್ತಿ ನಿಲ್ಲಿಸಿ.

ಬೇಲಿಯ ಹೊರಗಿನ ವಿಷಯ ಇದಕ್ಕಿಂತ ಗಂಭೀರ. ಗುಹೆ ಬೇಲಿಗೆ ನಿಲ್ಲುವುದಿಲ್ಲ. ಅದು ಹೊಲಗಳ ಕೆಳಗೆ ಹೋಗಿದೆ, ಅದಕ್ಕೆ ಬರುವ ನೀರು ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ. ಪಾತಾಳಗಂಗೆಯ ನೀರು ಬೆಲಂ ಊರಿನ ಬಾವಿಗೆ ಸೇರುತ್ತದೆ ಅಂತ ಜನ ನಂಬುತ್ತಾರೆ. ನಂಬಿಕೆ ನಿಜವೋ ಅಲ್ಲವೋ ನೋಡಬಹುದು. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಒಂದು ಕಡೆ ನೆಲದೊಳಗೆ ಇಂಗಿಹೋಗುತ್ತಿತ್ತು. 1877ರಲ್ಲಿ ಆ ನೀರಿಗೆ ಬಣ್ಣ ಮತ್ತು ಟನ್ನುಗಟ್ಟಲೆ ಉಪ್ಪು ಸುರಿದರು. ಸುಮಾರು ಹನ್ನೆರಡು ಕಿಲೋಮೀಟರ್ ದೂರದ ಆಖ್ ಚಿಲುಮೆಯಲ್ಲಿ ನೀರು ಹಸಿರಾಗಿ ಹೊರಬಂತು. ಇವತ್ತು ಯಾವ ತೊಂದರೆಯೂ ಮಾಡದ, ಕಣ್ಣಿಗೂ ಕಾಣದಷ್ಟು ಕಡಿಮೆ ಬಣ್ಣದಲ್ಲಿ ಇದನ್ನು ಮಾಡುತ್ತಾರೆ. ಕಡಪದ ಯೋಗಿ ವೇಮನ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ. ಅವರನ್ನು ಕರೆಯಿರಿ, ಊರಿನ ಶಾಲೆಯ ಮಕ್ಕಳ ಕೈಯಲ್ಲಿ ಬಾವಿಯ ನೀರಿನ ಬಾಟಲಿ ಕೊಡಿ. ನೀರಿನ ದಾರಿ ಗೊತ್ತಾದರೆ ಎಲ್ಲಿಯವರೆಗೆ ಸ್ಫೋಟಿಸಿ ಕಲ್ಲು ತೆಗೆಯಬಾರದು, ಎಲ್ಲಿ ಕೊಳವೆಬಾವಿ ಕೊರೆಯಬಾರದು, ಎಲ್ಲಿ ಕೊಳೆನೀರು ಬಿಡಬಾರದು ಅಂತ ಗೆರೆ ಎಳೆಯಬಹುದು. ಆ ಗೆರೆಯೊಳಗೆ ಯಾವ ರೈತನ ಹೊಲ ಬಂದರೂ ಅವನಿಗೆ ಪ್ರತಿ ವರ್ಷ ಪರಿಹಾರ ಹೋಗಬೇಕು, ಟಿಕೆಟ್ ದುಡ್ಡಿನಿಂದಲೇ. ಗುಹೆಯಿಂದ ಸರ್ಕಾರಕ್ಕೆ ಆದಾಯ, ರೈತನಿಗೆ ನಿರ್ಬಂಧ ಅಂತ ಆದರೆ ಯಾರೂ ಗುಹೆಯನ್ನು ಪ್ರೀತಿಸುವುದಿಲ್ಲ.

ಇಂಥ ಜಾಗಗಳನ್ನು ಕಾಯಲೆಂದೇ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆ ತಾಣಗಳ ಕರಡು ಮಸೂದೆಯೊಂದನ್ನು ಹೊರತಂದಿತ್ತು. ಕಾನೂನಿಗಾಗಿ ಕಾದು ಕೂರಬೇಕಿಲ್ಲ. ಜಿಲ್ಲಾಡಳಿತ ತನ್ನ ಅಧಿಕಾರದಲ್ಲೇ ಸುತ್ತಲಿನ ಜಮೀನಿನ ನಕ್ಷೆಯ ಮೇಲೆ ಗುಹೆಯ ನಕ್ಷೆಯನ್ನು ಇಟ್ಟು ನೋಡಬಹುದು. ಯಾವ ಸರ್ವೆ ನಂಬರಿನ ಕೆಳಗೆ ಗುಹೆ ಇದೆ ಅಂತ ಹಳ್ಳಿ ಲೆಕ್ಕಿಗರ ಪುಸ್ತಕದಲ್ಲಿ ಬರೆದಿರಲಿ. ಮುಂದೆ ಯಾರೇ ಕಲ್ಲಿನ ಗುತ್ತಿಗೆ ಕೇಳಿದರೂ ಮೊದಲು ಆ ಪುಟ ತೆರೆಯುವಂತಾಗಲಿ.

ಕನ್ನಡದ ಪ್ರವಾಸಿಗರೇ, ನಿಮ್ಮಲ್ಲೂ ಒಂದಷ್ಟು ಕೇಳಿಕೊಳ್ಳುವುದಿದೆ. ಬೆಲಂಗೆ ಹೋಗಿ, ಆದರೆ ಓಡಬೇಡಿ. ಗೈಡ್ ಸಿಕ್ಕರೆ ತಗೊಳ್ಳಿ, ಅವರ ದುಡ್ಡಿಗೆ ಚೌಕಾಸಿ ಮಾಡಬೇಡಿ. ಗೋಡೆಯ ಮೇಲೆ ಹೆಸರು ಕೆತ್ತುವ ಹುಡುಗನನ್ನು ನೋಡಿದರೆ ಸುಮ್ನೆ ಹೋಗಬೇಡಿ, ನಿಲ್ಲಿಸಿ ಹೇಳಿ. ಕೈಯ ಎಣ್ಣೆ ತಾಗಿದ ಕಡೆ ಸುಣ್ಣ ಮತ್ತೆ ಸರಿಯಾಗಿ ಕೂರುವುದಿಲ್ಲ ಅಂತ ಮಕ್ಕಳಿಗೆ ತಿಳಿಸಿ. ಬೇಸಿಗೆಯ ಮಧ್ಯಾಹ್ನ ಹೋಗಬೇಡಿ, ಚಳಿಗಾಲದ ಬೆಳಗ್ಗೆ ಹೋಗಿ. ಉಸಿರಾಟದ ತೊಂದರೆ ಇರುವವರನ್ನು ಒತ್ತಾಯ ಮಾಡಿ ಒಳಗೆ ಇಳಿಸಬೇಡಿ. ಊಟ, ತಿಂಡಿ ಸಾಧ್ಯವಾದಷ್ಟೂ ಬೆಲಂ, ಕೊಲಿಮಿಗುಂಡ್ಲದಲ್ಲೇ ಮಾಡಿ. ಉಳಿಯಲು ಇಲ್ಲೇನಿದೆ ಅಂತ ಊರಿನಲ್ಲಿ ನಾಲ್ಕು ಜನರನ್ನು ಕೇಳಿ. ಹತ್ತು ಗಾಡಿಯವರು ಹೀಗೆ ಕೇಳಿದರೆ ಹನ್ನೊಂದನೇ ಗಾಡಿ ಬರುವ ಹೊತ್ತಿಗೆ ಯಾರಾದರೂ ಒಂದು ಕೋಣೆ ಸಿದ್ಧ ಮಾಡಿರುತ್ತಾರೆ.

ಮತ್ತೆ ಅಧಿಕಾರಿಗಳಿಗೆ. ಕನ್ನಡದಲ್ಲೂ ಫಲಕಗಳಿರಲಿ. ಇಷ್ಟು ಜನ ಬರುವಾಗ ಇದು ಉಪಕಾರವಲ್ಲ, ವ್ಯಾಪಾರ. ಊರಿನ ಗೈಡುಗಳಿಗೆ ತರಬೇತಿ ಕೊಡುವಾಗ ಕನ್ನಡ ಕಲಿಸಲು ಜನ ಬೇಕಾದರೆ ಬಳ್ಳಾರಿಯಿಂದ ನಾವು ನಿವೃತ್ತ ಶಿಕ್ಷಕರು ಬರುತ್ತೇವೆ, ಸಂಬಳ ಬೇಡ.

ಮಳೆಗಾಲ ಮುಗಿದು ಜನ ಬರುವ ಕಾಲ ಶುರುವಾಗುವ ಮೊದಲು ಬೆಲಂ ಊರಿನಲ್ಲೇ ಒಂದು ಸಭೆ ಕರೆಯಿರಿ. ಅಮರಾವತಿಯಲ್ಲೋ ವಿಜಯವಾಡದಲ್ಲೋ ಬೇಡ. ಪಂಚಾಯ್ತಿಯವರು, ಗುಹೆಯ ಮೇಲಿನ ಹೊಲದ ರೈತರು, ಕಲ್ಲಿನ ಕೆಲಸದವರು, ಈಗ ಗುಹೆಯಲ್ಲಿ ದುಡಿಯುವ ಸಿಬ್ಬಂದಿ, ಸೋಡಾ ಅಂಗಡಿಯವರು ಎಲ್ಲ ಬರಲಿ. ಟಿಕೆಟ್ಟಿನ ಪಾಲು, ಗೈಡುಗಳ ಆಯ್ಕೆ, ಮನೆಗಳಲ್ಲಿ ಉಳಿಯುವ ವ್ಯವಸ್ಥೆ, ಈ ಮೂರನ್ನು ಅಲ್ಲೇ ಕೂತು ತೀರ್ಮಾನಿಸಿ, ತೀರ್ಮಾನವನ್ನು ಗುಹೆಯ ಬಾಗಿಲ ಹತ್ತಿರ ಬರೆದು ಹಾಕಿಸಿ.

ಇಂತಿ ನಿಮ್ಮ ವಿಶ್ವಾಸಿ,
ಬಳ್ಳಾರಿಯ ನಿವೃತ್ತ ಭೂಗೋಳ ಶಿಕ್ಷಕಿ